ಡೈನಾಕೊ ಎಸ್‌ಟಿ-70 ವಾಲ್ವ್ ಆಂಪ್ಲಿಫೈಯರ್: ಪ್ಲಗ್ ಹಾಕುವ ಮೊದಲೇ ದೋಷ ಹಿಡಿಯುವ ಬಗೆ

1959ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡೈನಾಕೊ ಕಂಪನಿ ಹೊರತಂದ ಸ್ಟೀರಿಯೊ 70 ಹಳೆಯ ವಾಲ್ವ್ ಆಂಪ್ಲಿಫೈಯರ್ ಸಂಗ್ರಹಿಸುವವರಿಗೆಲ್ಲ ಪರಿಚಿತ. ಎಸ್‌ಟಿ-70 ಎಂದೇ ಎಲ್ಲರೂ ಕರೆಯುತ್ತಾರೆ. ಒಂದೊಂದು ಚಾನೆಲ್‌ಗೆ 35 ವ್ಯಾಟ್. ಒಳಗೆ ಇರುವುದು ಏಳು ವಾಲ್ವ್, ಅಂದರೆ ಗಾಜಿನ ನಿರ್ವಾತ ಕೊಳವೆಗಳು: ಸ್ಪೀಕರ್‌ಗೆ ಶಕ್ತಿ ಕೊಡುವ ನಾಲ್ಕು ಇಎಲ್34, ಅವುಗಳಿಗೆ ಸಿಗ್ನಲ್ ಸಿದ್ಧಪಡಿಸುವ ಎರಡು 7199, ಎಸಿಯನ್ನು ಡಿಸಿ ಮಾಡುವ ಒಂದು ಜಿಝಡ್34 ರೆಕ್ಟಿಫೈಯರ್, ಅಷ್ಟೇ. ಸರ್ಕ್ಯೂಟ್ ಪೂರ್ತಿ ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಬೆಸುಗೆ ಕಡ್ಡಿ ಹಿಡಿಯಲು ಬರುವ ಯಾರಾದರೂ ಒಂದು ಭಾನುವಾರ ಕೂತು ಅದರ ಪ್ರತಿಯೊಂದು ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳಬಹುದು. ಈಗಿನ ಹೆಚ್ಚಿನ ಆಂಪ್ಲಿಫೈಯರ್‌ಗಳ ಬಗ್ಗೆ ಹೀಗೆ ಹೇಳಲು ಆಗುವುದಿಲ್ಲ. ಇದರ ಮೇಲೆ ಜನ ಇಷ್ಟೊಂದು ಪ್ರೀತಿ ಇಟ್ಟಿರುವುದಕ್ಕೆ ನಾದ ಒಂದು ಕಾರಣವಾದರೆ ಇದು ಇನ್ನೊಂದು.

ತೊಡಕು ಇರುವುದು ಇದರ ಹುಟ್ಟಿನಲ್ಲಿ. ಹೆಚ್ಚಿನವು ಕಿಟ್ ಆಗಿ ಮಾರಾಟವಾಗಿ, ಕೊಂಡವರ ಮನೆಯ ಮೇಜಿನ ಮೇಲೆ ತಯಾರಾದವು. ಹಾಗಾಗಿ ಒಂದರ ಬೆಸುಗೆ ಇನ್ನೊಂದರಂತೆ ಇರುವುದಿಲ್ಲ. ಅದರ ಮೇಲೆ ಅರವತ್ತು ವರ್ಷಗಳಲ್ಲಿ ಮೂರ್ನಾಲ್ಕು ಕೈ ಬದಲಾಗಿ, ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನು ಮಾಡಿರುತ್ತಾರೆ. ‘ಚಾಲೂ ಸ್ಥಿತಿಯಲ್ಲಿದೆ’ ಎಂದು ಮಾರುವವರು ಹೇಳಿದರೆ, ‘ಪ್ಲಗ್ ಹಾಕಿದಾಗ ಸದ್ದು ಬಂತು’ ಎಂದಷ್ಟೇ ಅರ್ಥ ಮಾಡಿಕೊಳ್ಳಿ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಈ ಯಂತ್ರದ ಆಸ್ತಿ ಎಂದರೆ ಅದರ ಮೂರು ಟ್ರಾನ್ಸ್‌ಫಾರ್ಮರ್‌ಗಳು: ಎರಡು ಎ-470 ಔಟ್‌ಪುಟ್ (ವಾಲ್ವ್‌ನಿಂದ ಸ್ಪೀಕರ್‌ಗೆ), ಒಂದು ಪಿಎ-060 ಪವರ್ (ಲೈನಿನಿಂದ ಆಂಪ್ಲಿಫೈಯರ್‌ಗೆ). ಉಳಿದ ಬಿಡಿಭಾಗಗಳೆಲ್ಲ ಸವೆಯುವಂಥವು, ಬದಲಾಯಿಸಬಹುದಾದಂಥವು. ಇಲ್ಲಿ ಬರುವ ದೋಷಗಳಲ್ಲಿ ಹೆಚ್ಚಿನವು ಕೊನೆಗೆ ಒಂದೇ ದಾರಿ ಹಿಡಿಯುತ್ತವೆ: ಇಎಲ್34 ಅತಿಯಾಗಿ ಕರೆಂಟು ಎಳೆಯುತ್ತದೆ, ಆ ಕರೆಂಟು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಳಗಿನ ಪರೀಕ್ಷೆಗಳ ಕ್ರಮ ಈ ದಾರಿಯನ್ನು ಮೊದಲೇ ಮುಚ್ಚಲು ಇರುವುದು. ಮಧ್ಯದಿಂದ ಶುರು ಮಾಡಬೇಡಿ.

ಕರೆಂಟು ಕೊಡದೆ ನೋಡಬೇಕಾದ್ದು

ಕೆಳಗಿನ ತಗಡು ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ಪಿಎ-060ರ ಕೆಳಗೆ ಕಂದು ಮೇಣ ಕರಗಿ ಹರಿದಿದ್ದರೆ, ಸುಟ್ಟ ವಾರ್ನಿಷ್ ವಾಸನೆ ಇದ್ದರೆ, ಅದು ಯಾವತ್ತೋ ಮಿತಿ ಮೀರಿ ಬಿಸಿಯಾಗಿದೆ. ಸ್ವಲ್ಪ ಮೇಣ ಜಿನುಗಿರುವುದು ಈ ಮಾಡೆಲ್‌ನಲ್ಲಿ ಸಾಮಾನ್ಯ, ಏಕೆಂದರೆ ಈ ಟ್ರಾನ್ಸ್‌ಫಾರ್ಮರ್ ಹೊಸದಿದ್ದಾಗಲೂ ಬಿಸಿಯಾಗಿಯೇ ಓಡುತ್ತಿತ್ತು. ವಾಸನೆ ಮಾತ್ರ ಸಾಮಾನ್ಯವಲ್ಲ.

ಫ್ಯೂಸ್ ತೆಗೆದು ಓದಿ. ಇರಬೇಕಾದ್ದು 3 ಆಂಪಿಯರ್ ಸ್ಲೋ ಬ್ಲೋ (ತಡವಾಗಿ ಕರಗುವ ಬಗೆ). ಅದಕ್ಕಿಂತ ದೊಡ್ಡದಿದ್ದರೆ, ಅಥವಾ ಬೆಳ್ಳಿ ಕಾಗದ ಸುತ್ತಿದ್ದರೆ, ಹಿಂದೆ ಫ್ಯೂಸ್ ಪದೇ ಪದೇ ಹೋಗುತ್ತಿತ್ತು, ಕಾರಣ ಹುಡುಕದೆ ಬಾಯಿ ಮುಚ್ಚಿಸಿದ್ದಾರೆ ಎಂದರ್ಥ.

ಮುಂಭಾಗದ ಪಿಸಿ-3 ಬೋರ್ಡ್ ಕಂದು ಬಣ್ಣದ ಫೀನಾಲಿಕ್ ಹಲಗೆ. 7199 ಸಾಕೆಟ್‌ಗಳ ಸುತ್ತ ಅದು ಕಪ್ಪಾಗಿದೆಯೇ, ತಾಮ್ರದ ಗೆರೆಗಳು ಹಲಗೆ ಬಿಟ್ಟು ಮೇಲೆದ್ದಿವೆಯೇ ನೋಡಿ. ಇದ್ದಿಲಾದ ಹಲಗೆ ತಾನೇ ವಿದ್ಯುತ್ ಹರಿಸಲು ಶುರು ಮಾಡುತ್ತದೆ. ಆಗ ರಿಪೇರಿಗಿಂತ ಬೋರ್ಡ್ ಬದಲಾಯಿಸುವುದೇ ಲೇಸು. ಈ ಬೋರ್ಡಿಗೆ ಬದಲಿಯಾಗಿ ಹೊಸವು ಸಿಗುತ್ತವೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪರೀಕ್ಷೆಗೆ ಮಲ್ಟಿಮೀಟರ್‌ನ ಓಮ್ ಅಳತೆ ಸಾಲದು. ಮಧ್ಯದ ತಂತಿಯಿಂದ ಎರಡೂ ತುದಿಗೆ ಅಳೆದರೆ ಹತ್ತಿರ ಹತ್ತಿರದ ಎರಡು ಸಂಖ್ಯೆ ಬರಬೇಕು. ಸುರುಳಿಯ ಒಳಪದರ ಚಿಕ್ಕದಾದ್ದರಿಂದ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ತಂತಿ ತುಂಡಾಗಿದ್ದರೆ ಇದರಲ್ಲಿ ಗೊತ್ತಾಗುತ್ತದೆ, ಸುತ್ತುಗಳ ನಡುವೆ ಶಾರ್ಟ್ ಆಗಿದ್ದರೆ ಗೊತ್ತಾಗುವುದಿಲ್ಲ. ಅದಕ್ಕೆ ಹೀಗೆ ಮಾಡಿ: ವಾಲ್ವ್‌ಗಳನ್ನೆಲ್ಲ ತೆಗೆದು, ಬೇರೊಂದು ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ 2 ವೋಲ್ಟ್ ಎಸಿಯನ್ನು 8 ಓಮ್ ತುದಿಗೆ ಕೊಡಿ. ಎ-470ರ ಪ್ರೈಮರಿ, ಅಂದರೆ ವಾಲ್ವ್ ಬದಿಯ ಸುರುಳಿ, ಸಿಗ್ನಲ್‌ಗೆ ಒಡ್ಡುವ ತಡೆ 4300 ಓಮ್. 4300ನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 23. ಹಾಗಾಗಿ ಆ ಚಾನೆಲ್‌ನ ಎರಡು ಇಎಲ್34 ಸಾಕೆಟ್‌ಗಳ 3ನೇ ಪಿನ್‌ಗಳ ನಡುವೆ 46 ವೋಲ್ಟ್ ಎಸಿ ಬರಬೇಕು, ಮಧ್ಯದಿಂದ ಒಂದೊಂದು ಬದಿಗೆ 23. ಎರಡು ಬದಿ ಅಸಮವಾಗಿದ್ದರೆ, ಅಥವಾ ಕೊಟ್ಟ 2 ವೋಲ್ಟೇ ಕುಸಿದು ಆ ಸಣ್ಣ ಟ್ರಾನ್ಸ್‌ಫಾರ್ಮರ್ ಬಿಸಿಯಾಗತೊಡಗಿದರೆ, ಒಳಗೆ ಶಾರ್ಟ್ ಇದೆ. ಕೊಳ್ಳುವ ಮುಂಚೆ ಈ ಒಂದು ಪರೀಕ್ಷೆಗೆ ಮಾರುವವರು ಒಪ್ಪಿದರೆ ಅರ್ಧ ಚಿಂತೆ ಕಳೆದಂತೆ.

230 ವೋಲ್ಟ್, 50 ಹರ್ಟ್ಸ್

ಅಮೆರಿಕದಿಂದ ಬಂದ ಎಸ್‌ಟಿ-70 ತಯಾರಾದದ್ದು 117 ವೋಲ್ಟ್, 60 ಹರ್ಟ್ಸ್‌ಗೆ. ನಮ್ಮ ಮನೆಯ ಲೈನಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು ಎಂಬುದು ಎಲ್ಲರಿಗೂ ಗೊತ್ತು. ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ ಎಂಬುದು ಮರೆತುಹೋಗುತ್ತದೆ. ಅದೇ ವೋಲ್ಟೇಜಿನಲ್ಲಿ 60ರಿಂದ 50 ಹರ್ಟ್ಸ್‌ಗೆ ಬಂದರೆ ಟ್ರಾನ್ಸ್‌ಫಾರ್ಮರ್ ತಿರುಳಿನ ಕಾಂತಶಕ್ತಿ 1.2 ಪಟ್ಟು ಏರುತ್ತದೆ. ಮೊದಲೇ ಬಿಸಿ ಓಡುವ ಪಿಎ-060ಗೆ ಇದು ಹೊರೆ.

ಇನ್ನೊಂದು ಲೆಕ್ಕ. ಅಂಗಡಿಯಲ್ಲಿ ಸಿಗುವ ‘220ರಿಂದ 110’ ಸ್ಟೆಪ್‌ಡೌನ್ ಸರಿಯಾಗಿ ಅರ್ಧಕ್ಕೆ ಇಳಿಸುತ್ತದೆ. ಲೈನಿನಲ್ಲಿ 245 ಇದ್ದ ರಾತ್ರಿ ಆಂಪ್ಲಿಫೈಯರ್‌ಗೆ 122 ಸಿಗುತ್ತದೆ. ನಮ್ಮ ಸಲಹೆ: ಆಂಪ್ಲಿಫೈಯರ್‌ಗೆ 110 ವೋಲ್ಟ್‌ನ ಆಸುಪಾಸು ಸಿಗುವಂತೆ ಟ್ಯಾಪ್ (ಸುರುಳಿಯ ನಡುವಿನಿಂದ ತೆಗೆದ ತಂತಿ) ಇರುವ, 500 ವಿಎ ಸಾಮರ್ಥ್ಯದ ಸ್ಟೆಪ್‌ಡೌನ್ ಸುತ್ತಿಸಿಕೊಳ್ಳಿ. 110 ವೋಲ್ಟ್‌ನಲ್ಲಿ ವಾಲ್ವ್ ಕಾಯಿಸುವ ಹೀಟರ್‌ಗೆ 6.3ರ ಬದಲು ಸುಮಾರು 5.9 ವೋಲ್ಟ್ ಹೋಗುತ್ತದೆ. ಶೇ 10ರ ಮಿತಿಯೊಳಗೇ ಇರುವುದರಿಂದ ವಾಲ್ವ್‌ಗೆ ತೊಂದರೆಯಿಲ್ಲ, ತಿರುಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಸುತ್ತಿಸುವಾಗ ಪ್ರೈಮರಿ, ಸೆಕೆಂಡರಿ ಎರಡೂ ಬೇರೆ ಬೇರೆ ಇರುವಂತೆ ಕೇಳಿ. ಎರಡಕ್ಕೂ ಒಂದೇ ಸುರುಳಿ ಇರುವ ಆಟೊ ಮಾದರಿಯದಾದರೆ ಲೈನ್ ನೇರವಾಗಿ ಆಂಪ್ಲಿಫೈಯರ್‌ಗೆ ಹೋಗುತ್ತದೆ.

ಮೂಲ ವೈರಿನಲ್ಲಿ ಎರಡೇ ತಂತಿ, ಅರ್ಥಿಂಗ್ ಇಲ್ಲ. ಮೂರು ತಂತಿಯ ವೈರ್ ಹಾಕಿ, ಹಸಿರು ತಂತಿಯನ್ನು ಬಣ್ಣ ಕೆರೆದ ಚಾಸಿಗೆ (ಲೋಹದ ಚೌಕಟ್ಟಿಗೆ) ನಟ್ ಬಿಗಿದು ಕೂರಿಸಿ. ಫೇಸ್ ತಂತಿ ಮೊದಲು ಫ್ಯೂಸ್‌ಗೆ, ಆಮೇಲೆ ಸ್ವಿಚ್‌ಗೆ ಹೋಗಬೇಕು.

ಕೈ ಹಾಕುವ ಮುನ್ನ

ಇದರೊಳಗಿನ ಎಚ್‌ಟಿ (ಹೈ ಟೆನ್ಷನ್, ವಾಲ್ವ್‌ಗಳಿಗೆ ಹೋಗುವ ಹೆಚ್ಚಿನ ವೋಲ್ಟೇಜ್) 415ರಿಂದ 435 ವೋಲ್ಟ್ ಡಿಸಿ. ಪ್ರಾಣ ತೆಗೆಯಲು ಧಾರಾಳ ಸಾಕು. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಎಚ್‌ಟಿಯನ್ನು ಸಮಗೊಳಿಸುವ ಫಿಲ್ಟರ್ ಕಂಡೆನ್ಸರ್‌ನಲ್ಲಿ ಅದು ಉಳಿದಿರಬಹುದು. 10 ಕಿಲೊಓಮ್, 5 ವ್ಯಾಟ್ ರೆಸಿಸ್ಟರ್‌ನ ಎರಡು ತುದಿಗೂ ರಬ್ಬರ್ ಕವಚದ ಕ್ಲಿಪ್ ಹಾಕಿಟ್ಟುಕೊಳ್ಳಿ. ಒಂದು ಕ್ಲಿಪ್ ಚಾಸಿಗೆ ಸಿಕ್ಕಿಸಿ, ಇನ್ನೊಂದನ್ನು ಕಂಡೆನ್ಸರ್ ಡಬ್ಬಿಯ ನಾಲ್ಕು ಕಾಲಿಗೂ ಒಂದೊಂದಾಗಿ ಹತ್ತು ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್ ಇಟ್ಟು 10 ವೋಲ್ಟ್‌ಗಿಂತ ಕಡಿಮೆ ಇದೆ ಎಂದು ಕಣ್ಣಾರೆ ನೋಡಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಕಿಡಿ ಹಾರಿ ಕಂಡೆನ್ಸರ್‌ನ ಒಳಬೆಸುಗೆ ಹಾಳಾಗುತ್ತದೆ.

ಚಾಲೂ ಇರುವಾಗ ಅಳೆಯಬೇಕಾದರೆ ಕಪ್ಪು ಕಡ್ಡಿ ಚಾಸಿಗೆ ಕ್ಲಿಪ್ ಮಾಡಿ, ಕೆಂಪು ಕಡ್ಡಿ ಒಂದೇ ಕೈಯಲ್ಲಿ, ಇನ್ನೊಂದು ಕೈ ಬೆನ್ನ ಹಿಂದೆ. ಕಾಲಲ್ಲಿ ಚಪ್ಪಲಿ. ಮನೆಯಲ್ಲಿ ಇನ್ನೊಬ್ಬರು ಇರಲಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಅವರಿಗೆ ತಿಳಿದಿರಲಿ.

ಸ್ಪೀಕರ್ ತುದಿಗೆ ಯಾವಾಗಲೂ ಲೋಡ್ ಇರಲಿ, ಅಂದರೆ ಸ್ಪೀಕರ್ ಅಥವಾ ಅದರ ಬದಲು 8 ಓಮ್, 50 ವ್ಯಾಟ್‌ನ ರೆಸಿಸ್ಟರ್. ಲೋಡ್ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ ಸಾಕೆಟ್‌ನಲ್ಲೇ ಕಿಡಿ ಹಾರುತ್ತದೆ. ಟ್ರಾನ್ಸಿಸ್ಟರ್ ಸೆಟ್ ರೂಢಿಯವರು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲ ಕರೆಂಟು, ವಾಲ್ವ್‌ಗಳಿಲ್ಲದೆ

ಏಳೂ ವಾಲ್ವ್ ಹೊರಗೆ ತೆಗೆಯಿರಿ, ಯಾವುದು ಎಲ್ಲಿತ್ತು ಎಂದು ಗುರುತು ಹಾಕಿಡಿ. ಸ್ಟೆಪ್‌ಡೌನ್‌ನ 230 ವೋಲ್ಟ್ ಬದಿಗೆ 100 ವ್ಯಾಟ್‌ನ ಹಳೆಯ ತಂತಿ ಬಲ್ಬನ್ನು ಸೀರಿಸ್‌ನಲ್ಲಿ ಹಾಕಿ. ಎಲೆಕ್ಟ್ರಿಷಿಯನ್‌ಗಳ ಸೀರಿಸ್ ಬೋರ್ಡ್ ಆದರೂ ಸರಿ. ಎಲ್‌ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬಾರದು. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಪವರ್ ಟ್ರಾನ್ಸ್‌ಫಾರ್ಮರ್ ನೆಟ್ಟಗಿದೆ. ಪೂರ್ಣ ಬೆಳಕಿನಲ್ಲೇ ನಿಂತರೆ ಶಾರ್ಟ್ ಇದೆ, ತಕ್ಷಣ ಆರಿಸಿ. ಈ ಬಲ್ಬ್ ಉಪಾಯ ವಾಲ್ವ್ ಇಲ್ಲದಾಗ ಮಾತ್ರ ನಡೆಯುತ್ತದೆ. ವಾಲ್ವ್ ಹಾಕಿದರೆ ಹೀಟರ್‌ಗಳೇ 50 ವ್ಯಾಟ್ ಮೀರಿ ಎಳೆಯುವುದರಿಂದ ಬಲ್ಬ್ ಹೇಗೂ ಉರಿಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಬಲ್ಬ್ ತೆಗೆದು ನೇರ ಕರೆಂಟು ಕೊಟ್ಟು ಅಳೆಯಿರಿ. ಇಎಲ್34 ಸಾಕೆಟ್‌ನ 2 ಮತ್ತು 7ನೇ ಪಿನ್ ನಡುವೆ 6.3 ವೋಲ್ಟ್ ಎಸಿಗಿಂತ ತುಸು ಹೆಚ್ಚು ಇರಬೇಕು, ಲೋಡ್ ಇಲ್ಲದ್ದರಿಂದ 7ರವರೆಗೂ ಹೋಗಬಹುದು. ಜಿಝಡ್34 ಸಾಕೆಟ್‌ನ 2 ಮತ್ತು 8ರ ನಡುವೆ 5 ವೋಲ್ಟ್. ಅದರ 4ನೇ ಪಿನ್‌ನಿಂದ ಚಾಸಿಗೆ, 6ನೇ ಪಿನ್‌ನಿಂದ ಚಾಸಿಗೆ ತಲಾ 360 ವೋಲ್ಟ್ ಎಸಿಯ ಸುತ್ತಮುತ್ತ. 4 ಮತ್ತು 6ರ ನಡುವೆ ನೇರ ಅಳೆಯಲು ಹೋಗಬೇಡಿ. ಅಲ್ಲಿ 720 ವೋಲ್ಟ್ ಮೀರಿರುತ್ತದೆ, ಅಗ್ಗದ ಮೀಟರ್‌ಗಳ ಎಸಿ ಮಿತಿ 750.

ಬಯಾಸ್: ಇಲ್ಲಿ ಅವಸರ ಬೇಡ

ಇಎಲ್34ರ ಗ್ರಿಡ್‌ಗೆ, ಅಂದರೆ ಕರೆಂಟನ್ನು ನಿಯಂತ್ರಿಸುವ ಒಳಜಾಲರಿಗೆ, ಸುಮಾರು ಮೈನಸ್ 36 ವೋಲ್ಟ್ ಸಿಗುತ್ತಿದ್ದರೆ ಮಾತ್ರ ಅದು ಹದ್ದುಬಸ್ತಿನಲ್ಲಿರುತ್ತದೆ. ಆ ಮೈನಸ್ ವೋಲ್ಟೇಜ್ ಇಲ್ಲದೆ ಎಚ್‌ಟಿ ಬಂದರೆ ಒಂದು ನಿಮಿಷದೊಳಗೆ ಒಳಗಿನ ತಗಡು (ಪ್ಲೇಟ್) ಕೆಂಡವಾಗುತ್ತದೆ. ‘ಬಯಾಸ್’ ಎನ್ನುವುದು ಈ ಮೈನಸ್ ವೋಲ್ಟೇಜನ್ನೇ. ಅದು ಬರುವುದು ಪವರ್ ಟ್ರಾನ್ಸ್‌ಫಾರ್ಮರ್‌ನ 55 ವೋಲ್ಟ್ ಟ್ಯಾಪ್‌ನಿಂದ, ಒಂದು ಸೆಲೆನಿಯಮ್ ರೆಕ್ಟಿಫೈಯರ್ ಮೂಲಕ. ಜಿಝಡ್34ಗೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ಎಚ್‌ಟಿ ಇಲ್ಲದೆ, ವಾಲ್ವ್ ಹಾಕದೆ, ಬಯಾಸ್ ಒಂದನ್ನೇ ನಿಶ್ಚಿಂತೆಯಿಂದ ಅಳೆಯಬಹುದು. ಇದು ಈ ಸರ್ಕ್ಯೂಟ್ ಕೊಟ್ಟಿರುವ ದೊಡ್ಡ ಅನುಕೂಲ.

ನಾಲ್ಕೂ ಇಎಲ್34 ಸಾಕೆಟ್‌ಗಳ 5ನೇ ಪಿನ್‌ನಲ್ಲಿ, ಅಂದರೆ ಗ್ರಿಡ್‌ನಲ್ಲಿ, ಅಳೆಯಿರಿ. ಬಯಾಸ್ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ತಿರುಗಿಸಿದಂತೆ ಮೈನಸ್ ವೋಲ್ಟೇಜ್ ನುಣುಪಾಗಿ ಏರಿಳಿಯಬೇಕು. ಎಲ್ಲೋ ಒಂದು ಕಡೆ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಪಾಟ್‌ನ ಒಳಗೆ ಸವೆದಿದೆ. ಕ್ಲೀನರ್ ಸಿಂಪಡಿಸಿ ಮುಂದುವರಿಯುವ ಜಾಗ ಇದಲ್ಲ, 10 ಕಿಲೊಓಮ್‌ನ ಹೊಸದು ಹಾಕಿ. ನಾಲ್ಕು ಪಿನ್‌ಗಳಲ್ಲೂ ವೋಲ್ಟೇಜ್ ಇಲ್ಲವೆಂದರೆ ಸೆಲೆನಿಯಮ್ ಅಥವಾ ಬಯಾಸ್ ಕಂಡೆನ್ಸರ್ ಹೋಗಿದೆ. ಒಂದು ಚಾನೆಲ್‌ನ ಎರಡರಲ್ಲಿ ಮಾತ್ರ ಇಲ್ಲವೆಂದರೆ ಆ ಚಾನೆಲ್‌ನ ಪಾಟ್. ಒಂದೇ ಒಂದು ಪಿನ್‌ನಲ್ಲಿ ಇಲ್ಲವೆಂದರೆ ಅಲ್ಲಿಯ 270 ಕಿಲೊಓಮ್ ಅಥವಾ 1 ಕಿಲೊಓಮ್ ರೆಸಿಸ್ಟರ್ ತುಂಡಾಗಿದೆ, ಇಲ್ಲವೇ ಬೆಸುಗೆ ಸಡಿಲ.

ಸೆಲೆನಿಯಮ್ ಈಗ ಕೆಲಸ ಮಾಡುತ್ತಿದ್ದರೂ ತೆಗೆದುಹಾಕಿ. ಅದು ಹೋಗುವಾಗ ಕೊಳೆತ ಮೂಲಂಗಿಯಂಥ ವಾಸನೆ ಬರುತ್ತದೆ, ಆ ಹೊಗೆ ವಿಷಕಾರಿ. ಬದಲಿಗೆ 1ಎನ್4007 ಡಯೋಡ್ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಜೊತೆಗೇ 50 ಮೈಕ್ರೋಫ್ಯಾರಡ್‌ನ ಎರಡು ಬಯಾಸ್ ಕಂಡೆನ್ಸರ್‌ಗಳನ್ನೂ ತೆಗೆದು 100 ಮೈಕ್ರೋಫ್ಯಾರಡ್, 100 ವೋಲ್ಟ್‌ನವನ್ನು ಹಾಕಿ. ಇಲ್ಲಿ ಪ್ಲಸ್ ಕಾಲು ಚಾಸಿಗೆ, ಮೈನಸ್ ಕಾಲು ಸರ್ಕ್ಯೂಟಿಗೆ. ಅಭ್ಯಾಸಬಲದಿಂದ ಮೈನಸ್ಸನ್ನು ಚಾಸಿಗೆ ಬೆಸೆದವರ ಕಂಡೆನ್ಸರ್ ಸಿಡಿಯುತ್ತದೆ, ಅದರೊಂದಿಗೆ ಬಯಾಸೂ ಹೋಗುತ್ತದೆ. ಡಯೋಡ್‌ನ ದಿಕ್ಕನ್ನೂ ಹಾಗೇ ನೋಡಿ: ಗೆರೆ ಇರುವ ತುದಿ ಟ್ರಾನ್ಸ್‌ಫಾರ್ಮರ್ ಟ್ಯಾಪ್ ಕಡೆಗೆ. ಸಿಲಿಕಾನ್ ಡಯೋಡ್ ಸೆಲೆನಿಯಮ್‌ಗಿಂತ ಕಡಿಮೆ ವೋಲ್ಟೇಜ್ ತಿನ್ನುವುದರಿಂದ ಬಯಾಸ್ ಸ್ವಲ್ಪ ಹೆಚ್ಚು ಮೈನಸ್ ಆಗುತ್ತದೆ. ಅದರಿಂದ ಅಪಾಯವಿಲ್ಲ.

ಸೋರುವ 0.1 ಮೈಕ್ರೋಫ್ಯಾರಡ್

ಎಸ್‌ಟಿ-70 ಸತ್ತ ಕಥೆಗಳಲ್ಲಿ ಹೆಚ್ಚಿನವುಗಳ ಮೂಲ 7199 ಮತ್ತು ಇಎಲ್34 ನಡುವಿನ ನಾಲ್ಕು ಕಪ್ಲಿಂಗ್ ಕಂಡೆನ್ಸರ್‌ಗಳು. 0.1 ಮೈಕ್ರೋಫ್ಯಾರಡ್, 400 ವೋಲ್ಟ್. ಸಿಗ್ನಲ್ ಬಿಟ್ಟು ಡಿಸಿ ತಡೆಯುವುದು ಇವುಗಳ ಕೆಲಸ. ವಯಸ್ಸಾದಂತೆ ಡಿಸಿಯನ್ನೂ ಬಿಡತೊಡಗುತ್ತವೆ.

ಎಷ್ಟು ಸೋರಿದರೆ ಎಷ್ಟು ಕೆಡುತ್ತದೆ ಎಂಬ ಲೆಕ್ಕ ಮಾಡಿ ನೋಡಿದರೆ ಭಯವಾಗುತ್ತದೆ. ಕಂಡೆನ್ಸರ್‌ನ ಎರಡು ಬದಿಗಳ ನಡುವೆ 200 ವೋಲ್ಟ್ ಇದೆ ಎಂದಿಟ್ಟುಕೊಳ್ಳಿ. ಅದರ ಸೋರಿಕೆ 20 ಮೆಗಾಓಮ್‌ನಷ್ಟು. ಸಾಧಾರಣ ಮೀಟರ್‌ನ ಓಮ್ ಅಳತೆಯಲ್ಲಿ ಇದು ‘ಚೆನ್ನಾಗಿದೆ’ ಎಂದೇ ಕಾಣುತ್ತದೆ. ಹರಿಯುವ ಕರೆಂಟು 10 ಮೈಕ್ರೋಆಂಪಿಯರ್. ಅದು 270 ಕಿಲೊಓಮ್ ಗ್ರಿಡ್ ರೆಸಿಸ್ಟರ್ ಮೂಲಕ ಇಳಿಯುವಾಗ 2.7 ವೋಲ್ಟ್ ಆಗುತ್ತದೆ. ಮೈನಸ್ 36 ಇದ್ದ ಗ್ರಿಡ್ ಮೈನಸ್ 33ಕ್ಕೆ ಬಂತು. ಇಎಲ್34ರಲ್ಲಿ ಗ್ರಿಡ್ ಒಂದು ವೋಲ್ಟ್ ಏರಿದರೆ ಕರೆಂಟು ಹತ್ತಿರ ಹತ್ತಿರ 10 ಮಿಲಿಆಂಪಿಯರ್ ಏರುತ್ತದೆ. 50 ಮಿಲಿಆಂಪಿಯರ್‌ನಲ್ಲಿ ಕೂತಿದ್ದ ವಾಲ್ವ್ 75 ದಾಟಿತು. 415 ವೋಲ್ಟ್‌ಗೆ ಗುಣಿಸಿದರೆ 31 ವ್ಯಾಟ್. ಇಎಲ್34ರ ಪ್ಲೇಟ್ ತಡೆಯುವುದು 25. ಕಣ್ಣಿಗೆ ಕಾಣದ 10 ಮೈಕ್ರೋಆಂಪಿಯರ್ ಮಾಡುವ ಕೆಲಸ ಇದು.

ಪರೀಕ್ಷೆಗೆ ಕಂಡೆನ್ಸರ್‌ನ ಗ್ರಿಡ್ ಬದಿಯ ಕಾಲನ್ನಷ್ಟೇ ಬಿಚ್ಚಿ, ಗಾಳಿಯಲ್ಲಿ ನಿಲ್ಲುವಂತೆ ಬಗ್ಗಿಸಿಡಿ. ನಾಲ್ಕೂ ಇಎಲ್34 ಹೊರಗಿರಲಿ, 7199 ಮತ್ತು ಜಿಝಡ್34 ಒಳಗೆ. ಇಎಲ್34 ಇಲ್ಲದಾಗ ಲೋಡ್ ಇಲ್ಲದೆ ಎಚ್‌ಟಿ 500 ವೋಲ್ಟ್‌ಗೆ ಏರಿ, 525 ವೋಲ್ಟ್‌ನ ಹಳೆಯ ಫಿಲ್ಟರ್ ಡಬ್ಬಿಯ ಅಂಚು ಮುಟ್ಟುತ್ತದೆ. ಅದಕ್ಕೇ ಡಿಮ್ಮರ್‌ಸ್ಟಾಟ್ (ತಿರುಗಿಸಿದಂತೆ ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಮೂಲಕ ಲೈನ್ ಇಳಿಸಿ, ಎಚ್‌ಟಿ 400ರಲ್ಲಿ ನಿಲ್ಲುವಂತೆ ಮಾಡಿ. ಇಪ್ಪತ್ತು ನಿಮಿಷ ಬಿಸಿಯಾಗಲು ಬಿಡಿ, ತಣ್ಣಗಿದ್ದಾಗ ಸೋರದ್ದು ಬಿಸಿಯಾದಾಗ ಸೋರುತ್ತದೆ. ಆಮೇಲೆ ಡಿಜಿಟಲ್ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಬಿಚ್ಚಿದ ಕಾಲಿನಿಂದ ಚಾಸಿಗೆ ಅಳೆಯಿರಿ. ಮೀಟರ್‌ನ ಒಳತಡೆ 10 ಮೆಗಾಓಮ್ ಆದ್ದರಿಂದ 1 ವೋಲ್ಟ್ ತೋರಿಸಿದರೆ 0.1 ಮೈಕ್ರೋಆಂಪಿಯರ್ ಸೋರುತ್ತಿದೆ ಎಂದು ಲೆಕ್ಕ. ಮೊದಲ ಕ್ಷಣ ಸಂಖ್ಯೆ ಏರಿ ಇಳಿಯುತ್ತದೆ, ನಿಲ್ಲುವವರೆಗೆ ಕಾಯಿರಿ. ಹೊಸ ಪಾಲಿಪ್ರೊಪಿಲೀನ್ ಕಂಡೆನ್ಸರ್ ಕೆಲವು ಹತ್ತು ಮಿಲಿವೋಲ್ಟ್‌ಗೆ ಬಂದು ನಿಲ್ಲುತ್ತದೆ. 1 ವೋಲ್ಟ್‌ಗಿಂತ ಮೇಲೆ ನಿಂತರೆ ತೆಗೆದುಬಿಡಿ.

ಡಿಮ್ಮರ್‌ಸ್ಟಾಟ್ ಇಲ್ಲದವರು, ಮೂಲ ಕಂಡೆನ್ಸರ್‌ಗಳೇ ಇದ್ದರೆ, ಪರೀಕ್ಷೆಗೆ ಹೋಗದೆ ನಾಲ್ಕನ್ನೂ 0.1 ಮೈಕ್ರೋಫ್ಯಾರಡ್, 630 ವೋಲ್ಟ್‌ನ ಪಾಲಿಪ್ರೊಪಿಲೀನ್‌ಗೆ ಬದಲಾಯಿಸಿ. ಒಳಗೆಲ್ಲ ಮೂಲ ಭಾಗಗಳೇ ಇರಬೇಕು ಎಂಬ ಸಂಗ್ರಹಕಾರರ ಆಸೆ ಅರ್ಥವಾಗುವಂಥದ್ದೇ. ಬಿಚ್ಚಿದ್ದನ್ನು ಪುಟ್ಟ ಚೀಲದಲ್ಲಿ ಹಾಕಿ ಯಂತ್ರದ ಜೊತೆಗೇ ಇಡಿ. ಎ-470 ಉಳಿಯುವುದು ಅದಕ್ಕಿಂತ ಮುಖ್ಯ.

ಫಿಲ್ಟರ್ ಡಬ್ಬಿ ಮತ್ತು ಜಿಝಡ್34

ಒಂದೇ ಡಬ್ಬಿಯಲ್ಲಿ ನಾಲ್ಕು ಕಂಡೆನ್ಸರ್: 30, 20, 20, 20 ಮೈಕ್ರೋಫ್ಯಾರಡ್. ಬುಡದ ಕಪ್ಪು ರಬ್ಬರ್ ಉಬ್ಬಿದ್ದರೆ, ಬಿಳಿ ಪುಡಿ ಕಟ್ಟಿದ್ದರೆ, ಹೊಸ ಡಬ್ಬಿ ತರಿಸಿ. ವರ್ಷಗಟ್ಟಲೆ ಓಡದೆ ಬಿದ್ದ ಡಬ್ಬಿಯನ್ನು ‘ನಿಧಾನವಾಗಿ ವೋಲ್ಟೇಜ್ ಏರಿಸಿ ಎಬ್ಬಿಸಬಹುದು’ ಎಂಬ ಸಲಹೆ ಸಿಗುತ್ತದೆ. ಈ ಆಂಪ್ಲಿಫೈಯರ್‌ನಲ್ಲಿ ಡಿಮ್ಮರ್‌ಸ್ಟಾಟ್ ತಿರುಗಿಸಿ ಅದನ್ನು ಮಾಡಲಾಗದು, ಏಕೆಂದರೆ ಕಡಿಮೆ ವೋಲ್ಟೇಜಿನಲ್ಲಿ ಜಿಝಡ್34ರ ಹೀಟರ್ ಬಿಸಿಯಾಗದೆ ಎಚ್‌ಟಿಯೇ ಹುಟ್ಟುವುದಿಲ್ಲ. ಹುಟ್ಟುವ ಹೊತ್ತಿಗೆ ಒಮ್ಮೆಲೇ ಬರುತ್ತದೆ.

ಹೊಸದಾಗಿ 80-40-30-20ರ ಡಬ್ಬಿಗಳೂ ಬರುತ್ತವೆ. ಜಿಝಡ್34ಗೆ ಮೊದಲ ಕಂಡೆನ್ಸರ್ 60 ಮೈಕ್ರೋಫ್ಯಾರಡ್ ಮೀರಬಾರದು. ರೆಕ್ಟಿಫೈಯರ್ ಕಡೆಗೆ 30ನ್ನೋ 40ನ್ನೋ ಕೊಟ್ಟು, 80ನ್ನು ಚೋಕ್‌ನ (ಎಚ್‌ಟಿ ದಾರಿಯಲ್ಲಿರುವ ಕಬ್ಬಿಣದ ತಿರುಳಿನ ಸುರುಳಿ) ಆಚೆ ಹಾಕಿ. ಅದಲು ಬದಲಾದರೆ ಜಿಝಡ್34 ಒಳಗೆ ಕಿಡಿ ಹಾರಿ ಫ್ಯೂಸ್ ಹೋಗುತ್ತದೆ.

ಈ ಯಂತ್ರದಲ್ಲಿ ಜಿಝಡ್34 ತನ್ನ 250 ಮಿಲಿಆಂಪಿಯರ್ ಮಿತಿಯ ಸಮೀಪವೇ ದುಡಿಯುತ್ತದೆ. 4 ಮತ್ತು 6ನೇ ಪಿನ್‌ಗೆ ಹೋಗುವ ತಂತಿಯಲ್ಲಿ ತಲಾ ಎರಡು 1ಎನ್4007 ಸೀರಿಸ್‌ನಲ್ಲಿ ಹಾಕಿದರೆ ವಾಲ್ವ್ ಶಾರ್ಟ್ ಆದಾಗಲೂ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ನಾಲ್ಕು ಡಯೋಡ್‌ನ ಖರ್ಚು ಲೆಕ್ಕಕ್ಕೇ ಬಾರದು. ಜಿಝಡ್34 ಜಾಗಕ್ಕೆ ನೇರ ಡಯೋಡ್ ಪ್ಲಗ್ ಹಾಕುವುದು ಬೇರೆ ವಿಷಯ, ಅದು ಬೇಡ. ಇಎಲ್34 ಬಿಸಿಯಾಗುವ ಮೊದಲೇ ಪೂರ್ತಿ ಎಚ್‌ಟಿ ಬಂದು ಡಬ್ಬಿಯ 525 ವೋಲ್ಟ್ ಮಿತಿ ದಾಟಬಹುದು.

ಲಕ್ಷಣ ನೋಡಿ ಕಾರಣ ಹಿಡಿಯುವುದು

ಇಎಲ್34 ಕೆಂಪಾಗುತ್ತಿದೆ. ಹೀಟರ್‌ನ ಕಿತ್ತಳೆ ಬೆಳಕು ಸಹಜ. ಬೂದು ತಗಡಿನ ಮೇಲೆ ಮಾಸಲು ಕೆಂಪು ಮಚ್ಚೆ ಕಂಡರೆ ಆ ಕ್ಷಣವೇ ಆರಿಸಿ. ಕೋಣೆಯ ದೀಪ ಆರಿಸಿ ನೋಡಿದರೆ ಮಚ್ಚೆ ಬೇಗ ಕಣ್ಣಿಗೆ ಬೀಳುತ್ತದೆ. ಆ ವಾಲ್ವನ್ನು ಪಕ್ಕದ ಸಾಕೆಟ್‌ಗೆ ಬದಲಾಯಿಸಿ. ಕೆಂಪು ವಾಲ್ವ್ ಜೊತೆಗೇ ಹೋದರೆ ವಾಲ್ವ್ ಕೆಟ್ಟಿದೆ, ಒಳಗೆ ಗಾಳಿ ಸೇರಿದೆ. ಕೆಂಪು ಅದೇ ಸಾಕೆಟ್‌ನಲ್ಲಿ ಉಳಿದರೆ ಅಲ್ಲಿಯ ಕಪ್ಲಿಂಗ್ ಕಂಡೆನ್ಸರ್, ಗ್ರಿಡ್ ರೆಸಿಸ್ಟರ್ ಅಥವಾ 5ನೇ ಪಿನ್‌ನ ಹಿಡಿತ ನೋಡಿ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಉಪ್ಪುಗಾಳಿಗೆ ಸಾಕೆಟ್ ಪಿನ್‌ಗಳು ಹಸಿರುಗಟ್ಟುತ್ತವೆ. ಸೂಜಿಯಿಂದ ಹಿಡಿತ ಬಿಗಿ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಸರಿಹೋಗುವುದುಂಟು, ಆಗದಿದ್ದರೆ ಪಿಂಗಾಣಿ ಸಾಕೆಟ್ ಹಾಕಿ.

ಫ್ಯೂಸ್ ಹೋಗುತ್ತಿದೆ. ಜಿಝಡ್34 ಹೊರಗಿಟ್ಟು ಸ್ವಿಚ್ ಹಾಕಿ ನೋಡಿ. ಆಗಲೂ ಹೋದರೆ ಪವರ್ ಟ್ರಾನ್ಸ್‌ಫಾರ್ಮರ್ ಅಥವಾ ಹೀಟರ್ ತಂತಿಯಲ್ಲಿ ಶಾರ್ಟ್. ಹೋಗದಿದ್ದರೆ ಜಿಝಡ್34, ಫಿಲ್ಟರ್ ಡಬ್ಬಿ, ಇಎಲ್34, ಈ ಸಾಲಿನಲ್ಲಿ ಹುಡುಕಿ.

ಗುಂಯ್ ಎನ್ನುವ ಹಮ್. ಎರಡೂ ಚಾನೆಲ್‌ನಲ್ಲಿ ಸಮನಾಗಿದ್ದರೆ ಫಿಲ್ಟರ್ ಡಬ್ಬಿ ಒಣಗಿದೆ. ಒಂದರಲ್ಲೇ ಇದ್ದರೆ ಆ ಚಾನೆಲ್‌ನ ಇನ್‌ಪುಟ್ ಶಾರ್ಟ್ ಮಾಡಿ ಕೇಳಿ. ನಿಂತರೆ ದೋಷ ಹೊರಗಿನ ವೈರಿನದ್ದು. ನಿಲ್ಲದಿದ್ದರೆ ಸೆಟ್ ಆರಿಸಿ, 7199 ಹೊರಗಿಟ್ಟು, ಮತ್ತೆ ಸ್ವಿಚ್ ಹಾಕಿ ಕೇಳಿ. ಬಯಾಸ್ ಬೇರೆ ದಾರಿಯಿಂದ ಬರುವುದರಿಂದ 7199 ಇಲ್ಲದಿದ್ದರೂ ಇಎಲ್34ಗೆ ಅಪಾಯವಿಲ್ಲ. ಆಗ ಹಮ್ ಹೋದರೆ 7199 ಅಥವಾ ಅದರ ಹಂತದ ದೋಷ. ಹೀಟರ್‌ನಿಂದ ಅದು ಕಾಯಿಸುವ ಕ್ಯಾಥೋಡ್‌ಗೆ ಸೋರುವುದು ಈ ವಾಲ್ವ್‌ನ ಸಾಮಾನ್ಯ ಕಾಯಿಲೆ. ಹೋಗದಿದ್ದರೆ ಜೋಡಿ ಇಎಲ್34ಗಳ ಕರೆಂಟು ಸಮವಿಲ್ಲ, ಒಂದರ ಹಮ್ಮನ್ನು ಇನ್ನೊಂದು ಅಳಿಸುತ್ತಿಲ್ಲ.

‘ಡಬ್ ಡಬ್ ಡಬ್’ ಎಂದು ದೋಣಿ ಎಂಜಿನ್‌ನಂತೆ ಬಡಿದುಕೊಳ್ಳುತ್ತಿದೆ. ಡಬ್ಬಿಯ ಕೊನೆಯ 20 ಮೈಕ್ರೋಫ್ಯಾರಡ್ ಹೋಗಿದೆ.

ಹೊಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಕಿರುಚುತ್ತಿದೆ. ಪ್ರೈಮರಿಯ ಎರಡು ತುದಿ ಅದಲು ಬದಲಾಗಿ, ಔಟ್‌ಪುಟ್‌ನಿಂದ ಹಿಂದಕ್ಕೆ ಕೊಡುವ ಫೀಡ್‌ಬ್ಯಾಕ್ ಉಲ್ಟಾ ಆಗಿದೆ. ಪ್ಲೇಟ್ ತಂತಿಗಳನ್ನು ಬದಲಿಸುವಾಗ ಸ್ಕ್ರೀನ್ (ಎರಡನೇ ಗ್ರಿಡ್) ತಂತಿಗಳನ್ನೂ ಜೊತೆಗೇ ಬದಲಿಸಿ.

ಒಂದು ಚಾನೆಲ್ ಬಂದು ಹೋಗುತ್ತಿದೆ. ವಾಲ್ವ್‌ಗೆ ಹಣ ಸುರಿಯುವ ಮೊದಲು ಮುಂದಿರುವ ಮೊನೊ-ಸ್ಟೀರಿಯೊ ಸ್ವಿಚ್ಚನ್ನು ಹತ್ತು ಬಾರಿ ಆಚೀಚೆ ಆಡಿಸಿ. ಸದ್ದು ಬಂದರೆ ಅಲ್ಲೇ ತುಕ್ಕು.

ಸದ್ದು ಇದೆ, ಆದರೆ ಒಡೆದಂತೆ ಕೇಳುತ್ತದೆ. 7199ರ ಪ್ಲೇಟ್ ಮತ್ತು ಕ್ಯಾಥೋಡ್‌ನಲ್ಲಿ ಒಂದೊಂದು 47 ಕಿಲೊಓಮ್ ರೆಸಿಸ್ಟರ್ ಇವೆ, ಸಿಗ್ನಲನ್ನು ಎರಡು ಸಮಪಾಲು ಮಾಡುವುದು ಇವೇ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳ ಓಮ್ ವರ್ಷ ಕಳೆದಂತೆ ಮೇಲೇರುತ್ತದೆ. ಒಂದು 47, ಇನ್ನೊಂದು 58 ಆಗಿದ್ದರೆ ಪಾಲು ಸಮವಾಗುವುದಿಲ್ಲ. ಶೇ 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಅಳೆದು ಜೋಡಿ ಮಾಡಿ ಹಾಕಿ.

ವಾಲ್ವ್ ಕೊಳ್ಳುವಲ್ಲಿ ಮೋಸ

ಗಾಜಿನ ಒಳಗೆ ತುದಿಯಲ್ಲಿ ಬೆಳ್ಳಿಯ ಹೊಳಪಿನ ಲೇಪ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ಹೆಸರಾಂತ ಬ್ರಿಟಿಷ್ ಕಂಪನಿ ‘ಮುಲ್ಲಾರ್ಡ್’ನ ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಡಿ, ಆ ಮುದ್ರೆ ಯಾರು ಬೇಕಾದರೂ ಒತ್ತಬಹುದು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯ ನಿಜವಾದ ಇಎಲ್34ರ ಗಾಜಿನ ಬುಡದ ಬಳಿ ‘ಎಕ್ಸ್‌ಎಫ್’ ಎಂದು ಶುರುವಾಗುವ ಗುರುತು, ಅದರ ಕೆಳಗೆ ‘ಬಿ’ ಇಂದ ಶುರುವಾಗುವ ತಾರೀಕಿನ ಗುರುತು ಬೂದು ಬಣ್ಣದಲ್ಲಿ ಕೆತ್ತಿದಂತೆ ಇರುತ್ತದೆ.

7199 ಈಗ ವಿರಳ, ದುಬಾರಿ. 6ಜಿಎಚ್8ಎ ಬಳಸಬಹುದು, ಆದರೆ ಪಿನ್ ಕ್ರಮ ಬೇರೆ, ನಡುವೆ ಅಡಾಪ್ಟರ್ ಬೇಕು. ಅಡಾಪ್ಟರ್ ಇಲ್ಲದೆ ಒತ್ತಿ ಕೂರಿಸಬೇಡಿ.

ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ತಯಾರಿಸಿದ ವಾಲ್ವ್‌ಗಳು ಹಳೆಯ ರೇಡಿಯೊ ಅಂಗಡಿಗಳಲ್ಲಿ ಡಬ್ಬಿ ಸಮೇತ ಇನ್ನೂ ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ಹೆಚ್ಚಾಗಿ ಕಾಣುವ ಇಎಲ್84ನ್ನು ಇಎಲ್34 ಎಂದುಕೊಂಡು ತರಬೇಡಿ. ಇಎಲ್84 ತೆಳ್ಳಗಿನ ಒಂಬತ್ತು ಪಿನ್ ವಾಲ್ವ್, ಇಎಲ್34 ದಪ್ಪ ಬುಡದ, ಎಂಟು ಪಿನ್‌ನ ಆಕ್ಟಲ್.

ಬಯಾಸ್ ಹೊಂದಿಸುವುದು

ಎರಡು ಇಎಲ್34ಗಳ ಕ್ಯಾಥೋಡ್ ಕರೆಂಟು ಒಂದೇ 15.6 ಓಮ್ ರೆಸಿಸ್ಟರ್ ಮೂಲಕ ಹೋಗುತ್ತದೆ. ಕಂಪನಿ ಹೇಳಿದ್ದು ಅದರ ಮೇಲೆ 1.56 ವೋಲ್ಟ್, ಅಂದರೆ ಜೋಡಿಗೆ 100 ಮಿಲಿಆಂಪಿಯರ್. ಮೊದಲು ಕರೆಂಟಿಲ್ಲದೆ ಆ ರೆಸಿಸ್ಟರ್ ಅಳೆಯಿರಿ. ಹಿಂದೆ ಸುಟ್ಟು 20 ಓಮ್ ಆಗಿದ್ದರೆ 1.56 ಎಂದರೆ 78 ಮಿಲಿಆಂಪಿಯರ್ ಮಾತ್ರ.

ಜೋಡಿಯ ಒಟ್ಟು ಸರಿಯಿದ್ದರೂ ಒಂದು 70, ಇನ್ನೊಂದು 30 ಎಳೆಯುತ್ತಿರಬಹುದು, ಮೂಲ ವ್ಯವಸ್ಥೆಯಲ್ಲಿ ಅದು ಕಾಣುವುದಿಲ್ಲ. 15.6 ಓಮ್ ತೆಗೆದು ಪ್ರತಿ ವಾಲ್ವ್‌ನ 8ನೇ ಪಿನ್‌ಗೆ ಒಂದೊಂದು 10 ಓಮ್, ಶೇ 1ರ, 1 ವ್ಯಾಟ್ ರೆಸಿಸ್ಟರ್ ಹಾಕುವುದು ನಾವು ಒಪ್ಪುವ ಬದಲಾವಣೆ. ಆಗ 0.5 ವೋಲ್ಟ್ ಎಂದರೆ 50 ಮಿಲಿಆಂಪಿಯರ್, ಲೆಕ್ಕವೂ ಸುಲಭ. ಜೋಡಿಯ ನಡುವೆ 5 ಮಿಲಿಆಂಪಿಯರ್ ಮೀರಿದ ಅಂತರ ಇದ್ದರೆ ಹೊಂದುವ ಬೇರೆ ವಾಲ್ವ್ ಹುಡುಕಿ.

ನಮ್ಮ 50 ಹರ್ಟ್ಸ್ ಲೈನಿನಲ್ಲಿ 50 ಮಿಲಿಆಂಪಿಯರ್‌ಗೆ ಹೋಗುವುದು ಬೇಡ. 42ರಲ್ಲಿ ನಿಲ್ಲಿಸಿ: 10 ಓಮ್ ಮೇಲೆ 0.42 ವೋಲ್ಟ್, ಮೂಲ ರೆಸಿಸ್ಟರ್ ಇದ್ದರೆ 1.3 ವೋಲ್ಟ್. ಒಂದು ವಾಲ್ವ್‌ಗೆ ಸುಮಾರು 17 ವ್ಯಾಟ್ ಆಗುತ್ತದೆ. ನಾದದಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ, ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ವಾಲ್ವ್ ಹಾಕುವ ಮೊದಲು ಎರಡೂ ಪಾಟನ್ನು ಬಯಾಸ್ ಅತಿ ಹೆಚ್ಚು ಮೈನಸ್ ಆಗುವ ತುದಿಗೆ ತಿರುಗಿಸಿಡಿ. ಏಳೂ ವಾಲ್ವ್ ಹಾಕಿ, ಲೋಡ್ ಜೋಡಿಸಿ, ಸ್ವಿಚ್ ಹಾಕಿ. ಮೀಟರ್ 8ನೇ ಪಿನ್‌ನಲ್ಲಿ, ಕಣ್ಣು ವಾಲ್ವ್ ಮೇಲೆ. ಎರಡು ನಿಮಿಷದ ನಂತರ ನಿಧಾನವಾಗಿ 30 ಮಿಲಿಆಂಪಿಯರ್‌ಗೆ ತನ್ನಿ, ಹತ್ತು ನಿಮಿಷ ಬಿಡಿ, ಆಮೇಲೆ 42. ಒಂದು ಚಾನೆಲ್ ಬದಲಿಸಿದರೆ ಎಚ್‌ಟಿ ಅಲುಗಿ ಇನ್ನೊಂದೂ ಸರಿಯುತ್ತದೆ, ಎರಡು ಮೂರು ಸಲ ಹಿಂದೆ ಮುಂದೆ ಹೋಗಬೇಕು. ಒಂದು ಗಂಟೆಯ ಬಳಿಕ ಮತ್ತೆ ಅಳೆದು ಬರೆದಿಡಿ. ಆ ಗಂಟೆಯುದ್ದಕ್ಕೂ ಸಂಖ್ಯೆ ನಿಲ್ಲದೆ ಏರುತ್ತಲೇ ಇದ್ದರೆ, ಪಾಟ್ ಮುಟ್ಟಬೇಡಿ. ಆರಿಸಿ, ಆ ಸಾಕೆಟ್‌ನ ಕಪ್ಲಿಂಗ್ ಕಂಡೆನ್ಸರ್‌ಗೆ ವಾಪಸ್ ಹೋಗಿ. ಹೊಸ ವಾಲ್ವ್ ಆದರೆ ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ ಅಳೆಯಿರಿ. ಆಮೇಲೆ ಆರು ತಿಂಗಳಿಗೊಮ್ಮೆ ಸಾಕು.